ನನ್ನ ಮಗಳನ್ನು ನೋಡಿಯೂ ಮುಟ್ಟದೆ ಹೋದ ಏ.ಸಿ.ಯವರಿಗೆ

ಪುಯೆಬ್ಲಾದಿಂದ ಕರಾವಳಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ, ಹದಿನಾಲ್ಕನೆಯ ಸೀಟಿನ ನೆತ್ತಿಯ ಮೇಲೆ, ಹಸಿರು ದೀಪದ ಒಂಟಿಗಣ್ಣು ತೆರೆದು ಬಿಜಯಂಗೈದಿರುವ ಹವಾನಿಯಂತ್ರಣ ಯಂತ್ರದವರ ಸನ್ನಿಧಾನಕ್ಕೆ,

ಮಾನ್ಯರೇ,

ಇತ್ತ ನಾವೆಲ್ಲರೂ ಮೂಗು ಸೋರಿಸಿಕೊಂಡು ಕ್ಷೇಮವಾಗಿದ್ದೇವೆ. ತಾವೂ ಪೈಪು, ಫ್ಯಾನು, ಗ್ಯಾಸುಗಳ ಸಮೇತ ಸುಖವಾಗಿರುವಿರೆಂದು ನಂಬಿ, ಎರಡೂ ಕೈ ಜೋಡಿಸಿ, ಅಲ್ಲ, ಒಂದು ಕೈಯಲ್ಲಿ ಮಗು ಇರುವುದರಿಂದ ಸದ್ಯಕ್ಕೆ ಒಂದೇ ಕೈ ಎತ್ತಿ ನಮಸ್ಕರಿಸಿ, ಈ ಬಹಿರಂಗ ಪತ್ರವನ್ನು ಬರೆಯುತ್ತಿದ್ದೇನೆ. ದೂರು ಕೊಡುವುದಿದ್ದರೆ ಬಸ್ ಕಂಪನಿಯ ಮ್ಯಾನೇಜರರಿಗೆ ಕೊಡಬಹುದಿತ್ತಲ್ಲ ಎಂದು ತಾವು ಕೇಳಬಹುದು. ಮ್ಯಾನೇಜರರು ಆ ಬಸ್ಸಿನಲ್ಲಿ ಇರಲಿಲ್ಲ, ನನ್ನ ಮಗಳನ್ನು ನೋಡಿಯೂ ಇಲ್ಲ. ನೋಡಿದವರು ತಾವು.

ನನ್ನ ಪರಿಚಯವನ್ನು ಮೊದಲು ಹೇಳಿಕೊಳ್ಳುವುದು ಮರ್ಯಾದೆ. ನನ್ನ ಹೆಸರು ನಿಕಾಂದ್ರೊ. ಪುಯೆಬ್ಲಾದ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಫ್ರಿಜ್ಜು ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದೇನೆ, ಅಂದರೆ ತಮ್ಮ ದಾಯಾದಿಗಳ ಮನೆವೈದ್ಯ ಎಂದು ತಿಳಿಯಿರಿ. ತಂಪಿನ ಮೇಲೆ ನನಗೆ ಯಾವ ದ್ವೇಷವೂ ಇಲ್ಲ; ತಂಪಿನಿಂದಲೇ ನನ್ನ ಮನೆಯ ಒಲೆ ಉರಿಯುತ್ತಿದೆ. ಹಾಗಾಗಿ ಇದು ತಂಪನ್ನು ಕಂಡರಿಯದವನ ಗೊಣಗಾಟವೆಂದು ತಾವು ತಳ್ಳಿಹಾಕಬಾರದಾಗಿ ವಿನಂತಿ. ಈ ವರ್ಷ ನನಗೆ ಇನ್ನೊಂದು ಕೆಲಸವೂ ಬಡ್ತಿಯಾಗಿ ಸಿಕ್ಕಿದೆ. ನಾನು ಅಪ್ಪನಾಗಿದ್ದೇನೆ. ಮಗಳ ಹೆಸರು ರೆನಾತಾ, ಐದು ತಿಂಗಳು, ಇನ್ನೂ ಹಲ್ಲಿಲ್ಲ, ಆದರೆ ಅಭಿಪ್ರಾಯಗಳು ಧಾರಾಳವಾಗಿವೆ.

ಈ ಮಗಳನ್ನು ನನ್ನ ಅಪ್ಪ ದೋನ್ ಎಲಿಯೊದೊರೊ ಅವರು ಇನ್ನೂ ನೋಡಿರಲಿಲ್ಲ. ಹುಟ್ಟಿದಾಗ ಬಾ ಎಂದರೆ ಸೊಂಟ ಹಿಡಿದಿದೆ ಎಂದರು. ದೀಕ್ಷಾಸ್ನಾನಕ್ಕೆ ಬಾ ಎಂದರೆ ಪರಂಗಿ ತೋಟಕ್ಕೆ ನೀರು ಬಿಡಬೇಕು ಎಂದರು. ಫೋನಿನಲ್ಲಿ ತೋರಿಸುತ್ತೇನೆ ಎಂದರೆ, ಫೋನನ್ನು ಅಮ್ಮನ ಕೈಗೆ ಕೊಟ್ಟು ಕೋಳಿ ಗೂಡಿನ ಕಡೆ ನಡೆದುಬಿಟ್ಟರು. ಇದು ಸಿಟ್ಟೂ ಅಲ್ಲ, ಸೊಂಟವೂ ಅಲ್ಲ ಎಂಬುದು ನನಗೆ ಗೊತ್ತು, ಊರಿಗೂ ಗೊತ್ತು. ಅಪ್ಪನ ಕಣ್ಣು ಭಾರ. ಅವರು ಮೆಚ್ಚಿ ನೋಡಿದ ಮರಿ ಮೇಕೆ ಸಂಜೆಯೊಳಗೆ ಕಾಲು ಕುಂಟುತ್ತದೆ, ಎಂಥಾ ಕಾಯಿ ಎಂದು ಬಾಯಿಬಿಟ್ಟರೆ ಪಕ್ಕದ ಮನೆಯವರ ಪರಂಗಿ ಗಿಡ ಕಾಯಿಯ ಸಮೇತ ಮಲಗುತ್ತದೆ. ಹಾಗೆಂದು ಊರಿನವರು ಹೇಳುತ್ತಾರೆ, ಅಪ್ಪ ನಂಬುತ್ತಾರೆ. ಅದಕ್ಕಾಗಿಯೇ ಅವರು ತಾಳೆಗರಿಯ ಟೋಪಿಯನ್ನು ಹುಬ್ಬಿನ ಕೆಳಕ್ಕೆ ಎಳೆದುಕೊಂಡು, ತಮ್ಮ ಕಾಲಿನ ಹೆಬ್ಬೆರಳನ್ನೇ ನೋಡುತ್ತಾ ಊರೆಲ್ಲ ತಿರುಗುತ್ತಾರೆ. ನನ್ನನ್ನೂ ಅವರು ನೆಟ್ಟ ನೋಟದಿಂದ ನೋಡಿದ್ದು ನನಗೆ ನೆನಪಿಲ್ಲ. ಚಿಕ್ಕಂದಿನಲ್ಲಿ ಅದು ನನಗೆ ಬಹಳ ನೋವು ಕೊಡುತ್ತಿತ್ತು, ಈಗಲೂ ಕೊಡುತ್ತದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ತಮಗೆ ನಮ್ಮ ಕಡೆಯ ಪದ್ಧತಿ ಗೊತ್ತಿರಲೇಬೇಕು, ಹಗಲೆಲ್ಲ ನಮ್ಮ ತಲೆಯ ಮೇಲೆಯೇ ಇರುವವರು ತಾವು. ಮಗುವನ್ನು ಕಂಡು ಎಷ್ಟು ಮುದ್ದಾಗಿದೆ ಎಂದವರು ಕೈ ಚಾಚಿ ಅದನ್ನು ಮುಟ್ಟಲೇಬೇಕು. ಕಣ್ಣು ಎಳೆದುಕೊಂಡದ್ದನ್ನು ಕೈ ಹಿಂದಕ್ಕೆ ಕೊಡುತ್ತದೆ. ನೋಡಿ, ಮೆಚ್ಚಿ, ಮುಟ್ಟದೆ ಹೋದರೆ ಮಗುವಿಗೆ ದೃಷ್ಟಿ ತಾಗುತ್ತದೆ; ಜ್ವರ, ವಾಂತಿ, ನಿಲ್ಲದ ಅಳು. ಆಮೇಲೆ ನೋಡಿದವರನ್ನು ಹುಡುಕಿ ತಂದು ಮುಟ್ಟಿಸಬೇಕು. ಹಾಗಾದರೆ ಅಪ್ಪ ನೋಡಿ ಮುಟ್ಟಿಬಿಟ್ಟರೆ ಮುಗಿಯಿತಲ್ಲ, ಇದರಲ್ಲಿ ಹೆದರುವುದೇನಿದೆ ಎಂಬುದು ನನ್ನ ವಾದ. ನೋಡದೇ ಇದ್ದರೆ ಮುಟ್ಟುವ ಪ್ರಶ್ನೆಯೇ ಬರುವುದಿಲ್ಲ ಎಂಬುದು ಅವರ ವಾದ. ಫೋನಿನಲ್ಲಿ ವಾದ ಮಾಡಿ ಸಾಕಾಗಿ, ಅವರು ಬರದಿದ್ದರೆ ನಾವೇ ಹೋಗುವುದು, ಮಗುವನ್ನು ಅವರ ತೋಳಿಗೇ ಇಟ್ಟು ಬರುವುದು ಎಂದು ನಾನು ಹಟ ತೊಟ್ಟೆ.

ನನ್ನ ಹೆಂಡತಿ ಸಿತ್ಲಾಲಿ ಶಾಲೆಯ ಟೀಚರು, ಪರೀಕ್ಷೆಯ ಕಾಲ, ರಜೆ ಸಿಗಲಿಲ್ಲ. ದೃಷ್ಟಿ ತಾಗದಿರಲೆಂದು ಮಗಳ ಮುಂಗೈಗೆ ಕೆಂಪು ದಾರದಲ್ಲಿ ಪೋಣಿಸಿದ ಜಿಂಕೆಗಣ್ಣಿನ ಬೀಜ ಕಟ್ಟಿ, ನನ್ನ ಹೆಗಲಿಗೆ ಒಂದು ಚೀಲ ನೇತುಹಾಕಿ, ಆ ಚೀಲದಲ್ಲಿ ಏನು ಎಲ್ಲಿದೆ ಎಂದು ಶಾಲೆಯ ಮಕ್ಕಳಿಗೆ ಹೇಳುವ ಹಾಗೆ ನನ್ನಿಂದ ಬಾಯಿಪಾಠ ಮಾಡಿಸಿ ಕಳಿಸಿದಳು. ತಾಯಿಯಿಲ್ಲದೆ ಮಗು ಎತ್ತಿಕೊಂಡು ಹೊರಟ ಗಂಡಸು ಅಂದರೆ ಸಾರ್ವಜನಿಕ ಆಸ್ತಿ ಎಂಬುದು ಬಸ್ ನಿಲ್ದಾಣದಲ್ಲೇ ನನಗೆ ಗೊತ್ತಾಯಿತು. ಟಿಕೆಟ್ಟು ಕೊಟ್ಟ ಹೆಂಗಸು ಮಗುವಿನ ತಲೆ ಸರಿ ಹಿಡಿ ಎಂದಳು. ಕಡಲೆಕಾಯಿ ಮಾರುವವಳು ಕಾಲುಚೀಲ ಹಾಕು ಎಂದಳು. ನೆಲ ಒರೆಸುತ್ತಿದ್ದ ಮುದುಕ ತಾಯಿ ಎಲ್ಲಿ ಓಡಿಹೋದಳು ಎಂದು ಕೇಳಿ, ಉತ್ತರಕ್ಕೂ ಕಾಯದೆ ನನ್ನ ಭುಜ ತಟ್ಟಿ ಸಮಾಧಾನ ಹೇಳಿದ.

ಇನ್ನು ತಮ್ಮ ದರ್ಶನದ ವಿಚಾರ. ಹೊರಗೆ ತಗಡಿನ ಮೇಲೆ ಮೊಟ್ಟೆ ಒಡೆದರೆ ಬೇಯುವ ಬಿಸಿಲು. ಬಸ್ಸಿನ ಬಾಗಿಲು ತೆರೆದು ಒಳಗೆ ಕಾಲಿಟ್ಟೆ ನೋಡಿ, ನನ್ನ ಕನ್ನಡಕ ಮೂಗಿನ ಮೇಲೆ ಮಂಜುಗಡ್ಡೆಯಾಗಿ, ಹಲ್ಲು ತಾವೇ ತಾವಾಗಿ ಕಟಕಟ ಎಂದವು. ಪುಯೆಬ್ಲಾದ ಬೆಟ್ಟದ ನೆತ್ತಿಯಲ್ಲಿ ಈಚೆಗೆ ಹಿಮ ಕಡಿಮೆಯಾಗಿದೆ ಎಂದು ಜನ ಚಿಂತಿಸುತ್ತಿದ್ದಾರೆ, ಅದು ಎಲ್ಲಿಗೆ ಹೋಯಿತೆಂದು ನನಗೆ ಆ ಕ್ಷಣದಲ್ಲಿ ತಿಳಿಯಿತು. ಇಂಥ ಸಾಧನೆ ಸಾಮಾನ್ಯವಾದುದಲ್ಲ. ನನ್ನ ಕೈಯಲ್ಲಿ ದುರಸ್ತಿಯಾದ ಯಾವ ಫ್ರಿಜ್ಜೂ ಇಷ್ಟು ಶ್ರದ್ಧೆಯಿಂದ ಕೆಲಸ ಮಾಡಿದ್ದಿಲ್ಲ, ಮಾಡಿದ್ದರೆ ನನ್ನ ಗಿರಾಕಿಗಳ ಟೊಮೇಟೊ ಕಲ್ಲಾಗಿ ನನ್ನ ತಲೆಗೇ ಬಂದು ಬೀಳುತ್ತಿತ್ತು. ಚಾಲಕ ಮಹಾಶಯರ ಬಳಿಗೆ ಹೋಗಿ, ಮಗು ಇದೆ, ಸ್ವಲ್ಪ ಕಡಿಮೆ ಮಾಡಬಹುದೇ ಎಂದು ವಿನಯದಿಂದ ಕೇಳಿದೆ. ಕನ್ಯಾಮಾತೆಯ ಪಟದ ಪಕ್ಕದಲ್ಲಿದ್ದ ಗುಂಡಿಯನ್ನು ತೋರಿಸಿ, ಇದಕ್ಕೆ ಎರಡೇ ಗೊತ್ತು, ಇರುವುದು ಮತ್ತು ಇಲ್ಲದಿರುವುದು, ಇಲ್ಲದಿರಿಸಿದರೆ ಹಿಂದಿನ ಸೀಟಿನವರು ನನ್ನನ್ನು ಇಲ್ಲದಿರಿಸುತ್ತಾರೆ ಎಂದು ಅವರು ಅಷ್ಟೇ ವಿನಯದಿಂದ ಹೇಳಿದರು.

ನನ್ನ ಪಕ್ಕದ ಸಾಲಿನಲ್ಲಿ ಕೂತಿದ್ದವರು ದೋನ್ಯಾ ತೊಮಾಸಾ ಎಂಬ ಹಿರಿಯರು. ಜೋಳದ ಹಿಟ್ಟಿನ ತಮಾಲೆ ಕಡುಬುಗಳ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಮಗಳ ಮನೆಗೆ ಹೊರಟವರು. ಮಗುವಿನ ಮೂಗಿನ ತುದಿ ಕೆಂಪಾದದ್ದನ್ನು ಕಂಡದ್ದೇ ತಡ, ನನಗೆ ಕೈಕಾಲು ಸರಿ ಇದೆಯೇ, ಬುದ್ಧಿ ಮಾತ್ರ ಇಲ್ಲವೇ ಎಂದು ವಿಚಾರಿಸಿ, ತಮ್ಮ ಕರಿಶಾಲನ್ನು ತೆಗೆದು ಹೊದಿಸಿದರು. ಅದನ್ನು ನೋಡಿ ಮುಂದಿನ ಸೀಟಿನ ದಂಪತಿಗಳು ಒಂದು ಸ್ವೆಟರ್ ಕೊಟ್ಟರು. ಹಿಂದಿನಿಂದ ಒಂದು ಟವೆಲ್ಲು ಬಂತು, ಎಲ್ಲಿಂದಲೋ ಒಂದು ಮೇಜಿನ ಬಟ್ಟೆ ಬಂತು, ಕೊನೆಗೆ ಸೈನಿಕನೊಬ್ಬ ತನ್ನ ಕೋಟನ್ನೇ ಬಿಚ್ಚಿಕೊಟ್ಟ. ಒಂದು ಹೊತ್ತಿಗೆ ನನ್ನ ಮಗಳು ದೋನ್ಯಾ ತೊಮಾಸಾ ಅವರ ಬುಟ್ಟಿಯ ದೊಡ್ಡ ಕಡುಬಿನ ಹಾಗೆ ಸುತ್ತಿಸಿಕೊಂಡು ಎರಡು ಕಣ್ಣುಗಳನ್ನು ಮಾತ್ರ ಹೊರಗಿಟ್ಟು ಕೂತಳು, ಮತ್ತು ಆ ಎರಡು ಕಣ್ಣು ಬಿಟ್ಟು ಇಡೀ ಬಸ್ಸನ್ನು ನೋಡಿ ನಕ್ಕಳು.

ನಕ್ಕದ್ದೇ ತಪ್ಪಾಯಿತು. ಬಸ್ಸಿನವರೆಲ್ಲ ಮೆಚ್ಚಿದರು, ಮೆಚ್ಚಿದ ಮೇಲೆ ಮುಟ್ಟಬೇಕಲ್ಲ, ಮಧ್ಯದ ದಾರಿಯಲ್ಲಿ ಸಾಲು ನಿಂತರು. ಎಲ್ಲರೂ ಅವಳ ಹಣೆಯನ್ನೋ ಗಲ್ಲವನ್ನೋ ಮುಟ್ಟಿ, ದೇವರು ಕಾಪಾಡಲಿ ಎಂದು, ಹಾಗೇ ನನಗೊಂದು ಬುದ್ಧಿಮಾತು ಹೇಳಿ ಮುಂದೆ ಹೋಗುವುದು. ಗ್ರೀಸು ಹತ್ತಿದ ಕೈಯ ಮೆಕ್ಯಾನಿಕನೊಬ್ಬ ಕೈ ಕೊಳೆಯಾಗಿದೆ ಎಂದು ಹಿಂಜರಿದರೆ, ದೋನ್ಯಾ ತೊಮಾಸಾ ಅವನನ್ನು ಹೋಗಲು ಬಿಡದೆ, ಮೊಣಕೈಯಿಂದಾದರೂ ಮುಟ್ಟಿ ಹೋಗು ಎಂದು ಗದರಿ ಮೊಣಕೈಯಿಂದಲೇ ಮುಟ್ಟಿಸಿದರು. ಟೀವಿಯಲ್ಲಿ ಯಾರೋ ಯಾರನ್ನೋ ಗುಂಡಿಕ್ಕಿ ಕೊಲ್ಲುತ್ತಿದ್ದ ಸಿನಿಮಾವನ್ನೂ ಬಿಟ್ಟು ಜನ ಎದ್ದು ಬಂದಿದ್ದರು. ಚಾಲಕ ಮಹಾಶಯರು ಸುಂಕದ ಗೇಟಿನಲ್ಲಿ ಬಸ್ಸು ನಿಂತಾಗ ಹಿಂದೆ ಬಂದು ತಮ್ಮ ಸರದಿಯನ್ನೂ ತೀರಿಸಿ ಹೋದರು.

ಮುಟ್ಟದೆ ಉಳಿದವರು ಒಬ್ಬರೇ. ತಾವು ದಾರಿಯುದ್ದಕ್ಕೂ ಆ ಹಸಿರು ಕಣ್ಣನ್ನು ಮಿಟುಕಿಸದೆ ನನ್ನ ಮಗಳನ್ನೇ ದಿಟ್ಟಿಸುತ್ತಿದ್ದಿರಿ. ಅವಳೂ ತಮ್ಮನ್ನೇ ನೋಡಿ ಬೊಚ್ಚುಬಾಯಿ ತೆರೆದು ತಮ್ಮೊಡನೆ ಮಾತಾಡಿದಳು. ತಮಗೆ ಕೈಯಿಲ್ಲವೆಂದು ನನಗೆ ಗೊತ್ತು. ಆದರೆ ಗಾಳಿ ಇದೆಯಲ್ಲ, ಅದರಿಂದಲಾದರೂ ಮೆಲ್ಲಗೆ ಕೆನ್ನೆ ಸವರಬಹುದಿತ್ತು. ಸವರುವ ಬದಲು ತಾವು ಬಾರಿಸಿದಿರಿ. ಅದನ್ನು ಮುಟ್ಟುವುದು ಎಂದು ನಮ್ಮಲ್ಲಿ ಯಾರೂ ಕರೆಯುವುದಿಲ್ಲ.

ನಡುವೆ ತಾವು ಮಾಡಿದ ಒಂದು ಉಪಕಾರವನ್ನು ಹೇಳದಿದ್ದರೆ ನಾನು ಕೃತಘ್ನನಾಗುತ್ತೇನೆ. ಮಗಳು ಬೆಟ್ಟದ ಇಳಿಜಾರಿನಲ್ಲಿ ಸಕಲವನ್ನೂ ಒದ್ದೆ ಮಾಡಿಕೊಂಡಾಗ, ಬಸ್ಸಿನ ಹಿಂಬದಿಯ ಆ ಗೂಡಿನಂಥ ಶೌಚಾಲಯದಲ್ಲಿ ಒಂದು ಕಾಲಿನಿಂದ ಬಾಗಿಲು ಒತ್ತಿ ಹಿಡಿದು, ಹಲ್ಲಿನಲ್ಲಿ ಪಿನ್ನು ಕಚ್ಚಿಕೊಂಡು, ನಾನು ಅವಳ ಬಟ್ಟೆ ಬದಲಿಸಿದೆ. ಇಂಥ ಕಸರತ್ತಿಗೆ ಸರ್ಕಸ್ಸಿನಲ್ಲಿ ಟಿಕೆಟ್ಟು ಇಡುತ್ತಾರೆ. ಒಗೆದು ಹಿಂಡಿದ ಬಟ್ಟೆಯನ್ನು ತಮ್ಮ ಬಾಯಿಗೆ ಅಡ್ಡ ನೇತುಹಾಕಿದೆ. ತಾವು ಅದನ್ನು ಕ್ಷಣಾರ್ಧದಲ್ಲಿ ಒಣಗಿಸಿ, ಅಷ್ಟಕ್ಕೇ ಸುಮ್ಮನಿರದೆ ಹಾರಿಸಿ, ಮುಂದೆ ಬಾಯಿ ತೆರೆದು ಮಲಗಿದ್ದ ವಕೀಲರೊಬ್ಬರ ಮುಖದ ಮೇಲೆ ಹಾಸಿದಿರಿ. ಅವರು ನಿದ್ದೆಗಣ್ಣಿನಲ್ಲೇ ಅದರಿಂದ ಮುಖ ಒರೆಸಿಕೊಂಡು, ಮಡಚಿ ಜೇಬಿಗಿಟ್ಟುಕೊಂಡು ಮುಂದಿನ ನಿಲ್ದಾಣದಲ್ಲಿ ಇಳಿದುಹೋದರು. ಆ ಬಟ್ಟೆಯನ್ನು ನಾನು ವಾಪಸು ಕೇಳುವುದಿಲ್ಲ. ನ್ಯಾಯಾಲಯದಲ್ಲಿ ಅವರಿಗೆ ಅದು ಶುಭ ತರಲಿ.

ಸಂಜೆಯ ಮುಂಚೆ ನಮ್ಮೂರು ಸಾನ್ ಮಾರ್ಸಿಯಾಲ್ ತಲುಪಿದೆವು. ಇಳಿದ ಕೂಡಲೇ ಕರಾವಳಿಯ ಬಿಸಿ ಒದ್ದೆ ಕಂಬಳಿಯಂತೆ ಮೈಗೆ ಬಿತ್ತು. ರೆನಾತಾ ಮೊದಲ ಸೀನು ಸೀನಿದ್ದು ಅಲ್ಲಿಯೇ. ನನ್ನ ಅಮ್ಮ ದೋನ್ಯಾ ರಮೋನಾ ಓಡಿಬಂದು ಮೊದಲು ಮುಟ್ಟಿ ಆಮೇಲೆ ನೋಡಿದರು. ನಮ್ಮ ಮನೆಯ ಅನುಭವ ಅಂಥದ್ದು. ಅಪ್ಪ ಎಲ್ಲಿ ಎಂದರೆ ಅಮ್ಮ ಗದ್ದದಿಂದ ತೋಟದ ಕಡೆ ತೋರಿಸಿದರು. ನಾವು ಬರುವ ಸುದ್ದಿ ಕೇಳಿದ ಮೇಲೆ ಅವರು ತಮ್ಮ ಜೋಲಿ, ನೀರಿನ ಹೂಜಿ, ರೇಡಿಯೊ ಎಲ್ಲವನ್ನೂ ಪರಂಗಿ ತೋಟದ ಗುಡಿಸಲಿಗೆ ಸಾಗಿಸಿದ್ದರು. ನಾನು ಹೋಗಿ ಕರೆದೆ. ಟೋಪಿಯ ಕೆಳಗಿನಿಂದಲೇ, ಊಟ ಆಯ್ತಾ, ಬಸ್ಸಿನಲ್ಲಿ ಜನ ಇದ್ದರಾ ಎಂದೆಲ್ಲ ಕೇಳಿದರು. ಮಗಳ ಸುದ್ದಿ ಎತ್ತಿದ್ದೇ ತಡ, ರೇಡಿಯೊದ ಕಿವಿ ಹಿಂಡಿ ದನಿ ಜೋರು ಮಾಡಿದರು. ಒಂದು ದಿನವಿಡೀ ಹಲ್ಲು ಕಡಿದುಕೊಂಡು ಬಂದದ್ದು ಈ ರೇಡಿಯೊ ಕೇಳುವುದಕ್ಕೇ ಎಂದು ನನಗೆ ಕೆಟ್ಟ ಸಿಟ್ಟು ಬಂತು. ಸಿಟ್ಟಿನಲ್ಲಿ ಅವರ ಬೇಲಿಯ ಒಂದು ಗೂಟವನ್ನು ಒದ್ದೆ. ಬೆರಳು ನೋಯಿತು.

ಮಾರನೆಯ ಬೆಳಿಗ್ಗೆ ಕಾಫಿಯ ಹೊತ್ತಿಗೆ ಮಗಳು ಅಳಲು ಶುರು ಮಾಡಿದಳು. ಹಾಲು ಬೇಡ, ಗಿಲಕಿ ಬೇಡ, ನನ್ನ ಹಾಡಂತೂ ಬೇಡವೇ ಬೇಡ. ಮೂಗು ಸೋರುತ್ತಿತ್ತು, ಮೈ ಬಿಸಿಯಾಗಿತ್ತು. ಅಮ್ಮ ಎದೆಗೆ ಮುಲಾಮು ತಿಕ್ಕಿದರು, ಪಾದಕ್ಕೆ ತಿಕ್ಕಿದರು, ತಡೆಯಲಾರದೆ ನನಗೂ ಒಂದಿಷ್ಟು ತಿಕ್ಕಿದರು. ಆಮೇಲೆ ಕೋಳಿಮೊಟ್ಟೆಯೊಂದನ್ನು ಅವಳ ಮೈಮೇಲೆಲ್ಲ ಆಡಿಸಿ ನೀರಿನ ಲೋಟಕ್ಕೆ ಒಡೆದು ಹಾಕಿ ಬೆಳಕಿಗೆ ಹಿಡಿದರು. ಲೋಳೆಯಲ್ಲಿ ಕಣ್ಣಿನಂಥದ್ದೊಂದು ಎದ್ದು ನಿಂತಿತ್ತು. ಅಲ್ಲಿಗೆ ತನಿಖೆ ಆರಂಭವಾಯಿತು. ದಾರಿಯಲ್ಲಿ ಯಾರು ಯಾರು ನೋಡಿದರು, ಯಾರು ಮುಟ್ಟಲಿಲ್ಲ, ನೆನಪು ಮಾಡಿಕೋ ಎಂದು ಅಮ್ಮ ಸ್ಟೂಲು ಎಳೆದು ನನ್ನೆದುರು ಕೂತರು.

ಎಲ್ಲರೂ ಮುಟ್ಟಿದ್ದಾರೆ ಎಂದೆ. ಚೆನ್ನಾಗಿ ಯೋಚನೆ ಮಾಡು ಎಂದರು. ನನ್ನ ಕಿವಿ ತೂತಾಗುವಂತೆ ಅಳುತ್ತಿದ್ದ ಮಗಳು ಯೋಚನೆಗೆ ಎಡೆಗೊಡುತ್ತಿರಲಿಲ್ಲ. ಸಾಕಾಗಿ, ನಗೆಯಾಡಲು ಹೋಗಿ, ಬಸ್ಸಿನ ಏ.ಸಿ. ಒಂದು ಮುಟ್ಟಲಿಲ್ಲ ನೋಡು, ದಾರಿಯೆಲ್ಲ ಹಸಿರು ಕಣ್ಣು ಬಿಟ್ಟುಕೊಂಡು ಇವಳನ್ನೇ ನೋಡುತ್ತಿತ್ತು ಎಂದುಬಿಟ್ಟೆ. ಅಮ್ಮ ನಗಲಿಲ್ಲ. ತಲೆಗೆ ಸೆರಗಿನಂತೆ ಶಾಲು ಎಳೆದುಕೊಂಡು ಎದ್ದರು.

"ಬಸ್ಸು ವಾಪಸ್ ಎಷ್ಟೊತ್ತಿಗೆ ಬರುತ್ತೆ?" ಎಂದರು. "ನಡಿ, ಮುಟ್ಟಿಸ್ಕೊಂಡು ಬರೋಣ."

ಯಂತ್ರಕ್ಕೆ ಜೀವವಿಲ್ಲ, ಹೀಗೆಲ್ಲ ಆಗುವುದಿಲ್ಲ, ನಾನು ಅದೇ ಕಸುಬಿನವನು ಎಂದು ನಾನು ಹೇಳಿದ್ದು ಒಂದೂ ನಡೆಯಲಿಲ್ಲ. ಹೆದ್ದಾರಿಯ ತಿರುವಿಗೆ ನಾವು ಮೆರವಣಿಗೆ ಹೊರಟೆವು. ಮುಂದೆ ಅಮ್ಮ, ನಡುವೆ ಅಳುವ ಮಗಳನ್ನು ಎತ್ತಿಕೊಂಡ ನಾನು. ಹಿಂದೆ ತಿರುಗಿ ನೋಡಿದರೆ, ಕೂಗಿ ಕರೆದರೂ ಕೇಳಿಸದಷ್ಟು ದೂರದಲ್ಲಿ, ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು, ನಾನು ಮರೆತು ಬಂದಿದ್ದ ಮಗಳ ಚೀಲವನ್ನು ಹೆಗಲಿಗೆ ಹಾಕಿಕೊಂಡು ಅಪ್ಪ ಬರುತ್ತಿದ್ದರು. ಅಳುವಿನ ಸದ್ದು ತೋಟದವರೆಗೂ ಕೇಳಿರಬೇಕು.

ಚೀಲ ಹೊರುವುದಕ್ಕೆ ಬರುತ್ತದೆ, ಮಗು ನೋಡುವುದಕ್ಕೆ ಬರುವುದಿಲ್ಲ, ಹೋಗಲಿ ನನ್ನನ್ನಾದರೂ ಯಾವತ್ತು ನೋಡಿದ್ದಾರೆ ಎಂದು ಅಮ್ಮನ ಮೇಲೆ ಹರಿಹಾಯ್ದೆ. ಅಮ್ಮ ನಡೆಯುವುದನ್ನು ನಿಲ್ಲಿಸಲಿಲ್ಲ. ನನಗಿಂತ ಮುಂಚೆ ಹುಟ್ಟಿ ಹೋದ ಅಣ್ಣ ಸೆಲೆಸ್ತೀನೊನ ವಿಚಾರ ಎತ್ತಿದರು. ಅಣ್ಣನೊಬ್ಬನಿದ್ದನೆಂದು, ಸ್ಮಶಾನದಲ್ಲಿ ಅವನದೊಂದು ನೀಲಿ ಶಿಲುಬೆ ಇದೆಯೆಂದು ಮಾತ್ರ ನನಗೆ ಗೊತ್ತಿತ್ತು. ಆಗ ಅಪ್ಪ ಕಬ್ಬು ಕಡಿಯುವ ಕೂಲಿಗೆ ಹೋಗುತ್ತಿದ್ದರಂತೆ. ಬೆಂಕಿ ಹಾಕಿ ಗರಿ ಸುಟ್ಟ ಕಬ್ಬು, ಸಂಜೆಗೆ ಮೈಯೆಲ್ಲ ಮಸಿ. ಒಂದು ದಿನ ಹಾಗೆಯೇ ಬಂದು ಬಾಗಿಲಲ್ಲಿ ನಿಂತು, ಜೋಲಿಯಲ್ಲಿ ಆಡುತ್ತಿದ್ದ ಮಗನನ್ನು ನೋಡಿ, ಎಂಥಾ ಚೆಂದದ ಮಗ ಎಂದು ನಕ್ಕರಂತೆ. ಕೈ ಮಸಿಯಾಗಿದೆ, ತೊಳೆದುಕೊಂಡು ಬಂದು ಎತ್ತಿಕೊಳ್ಳುತ್ತೇನೆ ಎಂದು ಬಾವಿಯ ಕಡೆ ಹೋದರಂತೆ. ಅಲ್ಲಿ ಯಾರೋ ಕರೆದರು, ಮಾತಿಗೆ ನಿಂತರು, ಮರೆತರು. ಆ ವಾರ ಮಗುವಿಗೆ ಜ್ವರ ಬಂದು ತೀರಿಕೊಂಡಿತು.

"ಪ್ರೀತಿ ಇಲ್ದೆ ನಿನ್ನ ನೋಡ್ಲಿಲ್ಲ ಅನ್ಕೊಂಡಿದ್ಯಾ ನೀನು?" ಎಂದರು ಅಮ್ಮ.

ಮಾನ್ಯರೇ, ಆ ವರ್ಷ ಊರಿನಲ್ಲಿ ಎಷ್ಟೋ ಮಕ್ಕಳಿಗೆ ಅದೇ ಜ್ವರ ಬಂದಿತ್ತೆಂದೂ, ಡಾಕ್ಟರು ನದಿಯ ಆಚೆ ದಡದಲ್ಲಿದ್ದರೆಂದೂ ಅಮ್ಮನೇ ಹೇಳಿದರು. ಆದರೆ ಒಬ್ಬ ಮನುಷ್ಯ ಇಷ್ಟು ವರ್ಷ ತನ್ನ ಕಣ್ಣಿಗೆ ತಾನೇ ಹೆದರಿ ಬದುಕಿದ್ದಾನೆ ಎಂದರೆ ಅದಕ್ಕೆ ಯಾವ ಡಾಕ್ಟರ ಮಾತು ನಾಟುತ್ತದೆ? ನಾನು ಮತ್ತೆ ಹಿಂದೆ ತಿರುಗಿ ನೋಡಿದೆ. ಅಪ್ಪ ನಿಂತು, ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಳ್ಳುತ್ತಿದ್ದರು.

ತಿರುವಿನಲ್ಲಿ ಅನಾನಸ್ ಮಾರುವ ಗೂಡಂಗಡಿಯ ನೆರಳಿನಲ್ಲಿ ಕಾದೆವು. ಅಪ್ಪ ಅಂಗಡಿಯ ಆಚೆ ಮಗ್ಗುಲಲ್ಲಿ ನಮಗೆ ಬೆನ್ನು ಮಾಡಿ ನಿಂತರು. ತಮ್ಮ ಸವಾರಿ ಬಂತು. ಅಮ್ಮ ರಸ್ತೆಯ ನಡುವೆಯೇ ನಿಂತು ಕೈ ಅಡ್ಡ ಮಾಡಿದ್ದರಿಂದ ಬಸ್ಸಿಗೆ ನಿಲ್ಲದೆ ಬೇರೆ ದಾರಿ ಇರಲಿಲ್ಲ. ಬಾಗಿಲು ತೆರೆಯಿತು, ಅದೇ ಚಾಲಕ ಮಹಾಶಯರು, ಆದರೆ ಒಳಗಿನಿಂದ ಬಂದದ್ದು ರೊಟ್ಟಿ ಒಲೆಯ ಝಳ. ತಾವು ಬಂದರು ಪಟ್ಟಣ ದಾಟಿದ ಮೇಲೆ ಒಂದು ಸಲ ಕೆಮ್ಮಿ ಸುಮ್ಮನಾದಿರಂತೆ. ತೆರೆಯಲಾಗದ ಕಿಟಕಿಗಳ ಹಿಂದೆ ಜನ ಬೆವರಿನಲ್ಲಿ ಬೇಯುತ್ತಿದ್ದರು. ನಿನ್ನೆ ಬೇಡ ಬೇಡವೆಂದರೂ ಹಿಮ ಸುರಿಸಿದವರು, ಒಂದೇ ಒಂದು ಉಸಿರು ಬೇಕಾಗಿದ್ದ ದಿನ ರಜೆ ಹಾಕಿದಿರಿ. ತಮ್ಮ ಸಮಯಪ್ರಜ್ಞೆಗೆ ಏನೆನ್ನಲಿ?

ಅಮ್ಮ ಮೆಟ್ಟಿಲ ಮೇಲೆ ನಿಂತು ಸಂಗತಿಯನ್ನು ವಿವರಿಸಿದರು. ಚಾಲಕರು ನಗಲಿಲ್ಲ, ಅವರಿಗೂ ಮಕ್ಕಳಿದ್ದಾರೆ. ಆದರೆ ಅಮ್ಮಾ, ಅದು ಇವತ್ತು ಊದುವುದೇ ಇಲ್ಲ ಎಂದು ಮರುಕದಿಂದಲೇ ಹೇಳಿದರು. ಊದದಿದ್ದರೆ ಬೇಡ, ಅದರ ಮೂತಿಗೇ ಮಗುವಿನ ಹಣೆ ತಾಗಿಸಿ ಇಳಿಯುತ್ತೇನೆ ಎಂದು ಅಮ್ಮ ನನ್ನ ಕಡೆ ಎರಡೂ ಕೈ ಚಾಚಿದರು. ಮಗಳು ಉಸಿರು ಕಟ್ಟುವಂತೆ ಅಳುತ್ತಿದ್ದಳು. ಸಿತ್ಲಾಲಿಗೆ ಏನು ಹೇಳಲಿ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಆ ಹೊತ್ತಿನಲ್ಲಿ ನಾನೂ ನಂಬಿಬಿಟ್ಟಿದ್ದೆ ಎನ್ನಿ. ಅವಳನ್ನು ಎತ್ತಿ ಅಮ್ಮನ ಕೈಗೆ ಕೊಡಲು ಹೋದೆ.

"ಇಳಿಯೇ," ಎಂಬ ದನಿ ಬೆನ್ನ ಹಿಂದೆ ಕೇಳಿಸಿತು. "ಅದಲ್ಲ. ನೋಡಿದ್ದು ನಾನು."

ಅಪ್ಪ ಅಂಗಡಿ ಬಳಸಿ ಬಂದು ರಸ್ತೆಯ ಅಂಚಿನಲ್ಲಿ ನಿಂತಿದ್ದರು. ಚೀಲವನ್ನು ಎದೆಗೆ ಅವಚಿಕೊಂಡಿದ್ದರು.

"ಬೆಳಿಗ್ಗೆ ನೀವೆಲ್ಲ ಅಡಿಗೆಮನೇಲಿದ್ರಿ. ಜೋಲಿ ಹತ್ರ ಬಂದೆ. ಒಂದೇ ಸಲ ನೋಡಿ ಹೋಗೋಣ ಅಂತ. ಎಷ್ಟು ಚೆಂದ ಇದಾಳೆ ಅಂತ ಬಾಯಿಗೇ ಬಂದ್ಬಿಡ್ತು," ಎಂದರು. ಆಮೇಲೆ ಚೀಲವನ್ನು ನೆಲಕ್ಕಿಳಿಸಿ, "ಕೈ ತೊಳ್ಕೊಂಡೇ ಬಂದಿದ್ದೆ ಕಣೋ. ಆದ್ರೂ ಮುಟ್ಟೋಕೆ ಧೈರ್ಯ ಬರ್ಲಿಲ್ಲ."

ಬಸ್ಸಿನೊಳಗೆ ಜನ ಬೀಸಿಕೊಳ್ಳುತ್ತಿದ್ದ ಬೀಸಣಿಗೆಗಳೆಲ್ಲ ನಿಂತವು. ಚಾಲಕ ಮಹಾಶಯರು ಎಂಜಿನ್ನು ಆರಿಸಿದರು. ಅಪ್ಪ ಮುಂದೆ ಬರಲೊಲ್ಲರು, ಹಿಂದೆ ಹೋಗಲೊಲ್ಲರು. ಕೊನೆಗೆ ಅಮ್ಮನೇ ಮೆಟ್ಟಿಲ ಮೇಲಿನಿಂದ ಮಾತಾಡಿದರು.

"ಮುಟ್ರೀ ಮತ್ತೆ. ಬಿಸಿಲಲ್ಲಿ ಜನ ಕಾಯ್ತಿದಾರೆ."

ಅಪ್ಪ ಒಂದು ಬೆರಳು ಚಾಚಿ ಅವಳ ಹಣೆಯನ್ನು ಮುಟ್ಟಿದರು, ಬಿಸಿ ಹಂಚು ಮುಟ್ಟಿದವರ ಹಾಗೆ ಹಿಂದಕ್ಕೆಳೆದುಕೊಂಡರು. ಏನೂ ಆಗಲಿಲ್ಲ. ಮತ್ತೆ ಮುಟ್ಟಿದರು, ಈ ಸಲ ಅಂಗೈ ಇಟ್ಟರು. ನಾನು ಕೇಳದೆಯೇ ಮಗಳನ್ನು ಅವರ ತೋಳಿಗೆ ಇಟ್ಟುಬಿಟ್ಟೆ. ಹೇಗೆ ಹಿಡಿಯಬೇಕೆಂದು ಅವರಿಗೆ ತಿಳಿಯದೆ, ಪರಂಗಿ ಹಣ್ಣು ಹಿಡಿದಂತೆ ಹಿಡಿದರು. ಅವಳು ಇನ್ನೂ ಜೋರಾಗಿ ಅತ್ತಳು, ಅಪ್ಪನ ಮುಖ ಬಿಳಿಚಿಕೊಂಡಿತು, ಆಗ ಅವಳು ಅವರ ಟೋಪಿಯ ಅಂಚು ಹಿಡಿದೆಳೆದು ಕೆಳಗೆ ಕೆಡವಿ, ಬರಿದಾದ ಆ ಮುಖಕ್ಕೆ ನೇರವಾಗಿ, ಭರ್ಜರಿಯಾಗಿ ಸೀನಿದಳು. ತನ್ನ ಸೀನಿಗೆ ತಾನೇ ಬೆರಗಾಗಿ ಸುಮ್ಮನಾದಳು. ಅಪ್ಪ ಮುಖ ಒರೆಸಿಕೊಳ್ಳಲಿಲ್ಲ. ಅವಳನ್ನೇ ನೋಡುತ್ತಾ ನಿಂತರು, ಕಣ್ಣು ತುಂಬಾ, ನಾಚಿಕೆಯಿಲ್ಲದೆ, ಬಸ್ಸು ಹೊರಟುಹೋದರೂ ನೋಡುತ್ತಲೇ ನಿಂತರು.

ಅವಳು ಅತ್ತದ್ದು ತಮ್ಮ ನೆಗಡಿಗೋ ಅವರ ದೃಷ್ಟಿಗೋ ಎಂದು ನಾನು ಆಣೆ ಮಾಡಿ ಹೇಳಲಾರೆ. ಮೂಗು ಇವತ್ತಿಗೂ ಸೋರುತ್ತಿದೆ. ಮೈ ಬಿಸಿ ಮಾತ್ರ ಮಧ್ಯಾಹ್ನಕ್ಕೆ ಇಳಿಯಿತು. ಮನೆಗೆ ವಾಪಸು ಬರುವಾಗ ಅಪ್ಪ ಅವಳನ್ನು ಯಾರಿಗೂ ಕೊಡಲಿಲ್ಲ. ನಡುದಾರಿಯಲ್ಲಿ ನಿಂತು, ನನ್ನ ಕಡೆ ತಿರುಗಿ, ಟೋಪಿಯಿಲ್ಲದ ಹಣೆಯ ಕೆಳಗಿನ ಆ ಎರಡು ಕಂದು ಕಣ್ಣುಗಳಿಂದ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಆಮೇಲೆ ಮಗುವನ್ನು ಒಂದು ತೋಳಿಗೆ ಸರಿಸಿಕೊಂಡು, ಇನ್ನೊಂದು ಕೈಯಿಂದ ನನ್ನ ಭುಜವನ್ನು ಗಟ್ಟಿಯಾಗಿ ಮುಟ್ಟಿ, "ದಪ್ಪ ಆಗಿದೀಯ," ಎಂದರು. ನನಗೆ ಅಳು ಬಂತು. ಮಗಳ ಬಟ್ಟೆಯಲ್ಲಿ ಮೂಗು ಒರೆಸಿಕೊಂಡೆ.

ಆದ ಕಾರಣ ಮಾನ್ಯರೇ, ದೃಷ್ಟಿ ಹಾಕಿದಿರೆಂಬ ಆರೋಪವನ್ನು ನಾನು ಈ ಮೂಲಕ ಗೌರವಪೂರ್ವಕವಾಗಿ 'ಅನುಮಾನಾಸ್ಪದ' ಎಂದು ಇಳಿಸುತ್ತಿದ್ದೇನೆ. ನೆಗಡಿ ತರಿಸಿದ ಆರೋಪ ಹಾಗೆಯೇ ಇದೆ. ಪರಿಹಾರವಾಗಿ ನಾನು ಬೇಡುವುದು ಇಷ್ಟೇ: ಇರುವುದು ಮತ್ತು ಇಲ್ಲದಿರುವುದರ ನಡುವೆ ಸ್ವಲ್ಪವೇ ಇರುವುದು ಎಂಬ ಒಂದು ಸ್ಥಿತಿಯನ್ನು ಅಭ್ಯಾಸ ಮಾಡಿಕೊಳ್ಳಿ, ಮಗುವನ್ನು ಕಂಡರೆ ಹಸಿರು ದೀಪವನ್ನು ಒಂದು ಕ್ಷಣ ಮುಚ್ಚಿಕೊಳ್ಳಿ, ಮುಚ್ಚಲಾಗದಷ್ಟು ಇಷ್ಟವಾದರೆ ಗಾಳಿಯನ್ನು ಬೆರಳಿನಷ್ಟು ತೆಳ್ಳಗೆ ಮಾಡಿ ಗಲ್ಲ ಸವರಿ. ಬಂದರು ಪಟ್ಟಣದ ಆಚೆ ಕೆಮ್ಮು ಕಾಣಿಸಿಕೊಂಡದ್ದು ಕಂಪ್ರೆಸರಿನ ಲಕ್ಷಣ. ಉಪೇಕ್ಷೆ ಮಾಡಬೇಡಿ, ಅಂಗಡಿಗೆ ಬನ್ನಿ, ನೋಡೋಣ.

ಇತಿ, ತಮ್ಮ ತಂಪಿನಲ್ಲಿ ಬೆಂದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,

ನಿಕಾಂದ್ರೊ
ರೆನಾತಾಳ ಅಪ್ಪ, ದೋನ್ ಎಲಿಯೊದೊರೊ ಅವರ ಮಗ

ವಿ.ಸೂ.: ಸೋಮವಾರ ನಾವು ಪುಯೆಬ್ಲಾಕ್ಕೆ ಹಿಂತಿರುಗುತ್ತಿದ್ದೇವೆ. ಸೊಂಟ, ಪರಂಗಿ, ನೀರು ಎಲ್ಲವನ್ನೂ ಅಮ್ಮನಿಗೆ ಒಪ್ಪಿಸಿ ಅಪ್ಪನೂ ನಮ್ಮೊಡನೆ ಬರುತ್ತಿದ್ದಾರೆ. ತಮ್ಮ ನೇರ ಕೆಳಗಿನ ಸೀಟನ್ನೇ ಅವರಿಗಾಗಿ ಕೇಳಿ ಪಡೆದಿದ್ದೇನೆ. ತಮ್ಮ ಸಾಮರ್ಥ್ಯವನ್ನು ಬಹಳವಾಗಿ ಹೊಗಳಿ ಹೇಳಿರುವುದರಿಂದ, ತಮ್ಮನ್ನು ಕಣ್ಣು ತುಂಬಾ ನೋಡಬೇಕೆಂದು ಅವರು ಕಾತರರಾಗಿದ್ದಾರೆ, ಮೆಚ್ಚಿಕೊಳ್ಳುವುದರಲ್ಲೂ ಸಂಶಯವಿಲ್ಲ. ಆದರೆ ಮುಟ್ಟುವ ಸೌಜನ್ಯವನ್ನು ದಯವಿಟ್ಟು ಅವರಿಂದ ನಿರೀಕ್ಷಿಸಬೇಡಿ. ಪುಯೆಬ್ಲಾ ತಲುಪುವವರೆಗೆ ಅವರ ಎರಡೂ ಕೈಗಳಲ್ಲಿ ಮಗು ಇರುತ್ತದೆ.